ಹೆಸರು ನಮ್ಮದು, ಹಣ ಯಾರದು?

ಕೈಗೆ ಬಂದ ಹಣವೆಲ್ಲ ನನ್ನದೇ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ನಮ್ಮ ಹೆಸರಿನ ಖಾತೆಗೆ ಸರಕಾರವೇ ಕಳುಹಿಸಿದ ಹಣ ಬಂದು ಬಿದ್ದಾಗ ಮನಸ್ಸು ಸದ್ದಿಲ್ಲದೆ ಹಾಗೆ ಹೇಳತೊಡಗುತ್ತದೆ. ಕಾಗದದಲ್ಲಿ ಹೆಸರಿದ್ದ ಮಾತ್ರಕ್ಕೆ ಒಡೆತನ ಬರುವುದೇ? ಈ ಪ್ರಶ್ನೆಯನ್ನು ಒಂದು ಸಣ್ಣ ವ್ಯವಹಾರದ ಮೂಲಕ ಯೋಚಿಸೋಣ. ಅದು ಆದಾಯ ತೆರಿಗೆಯ ಮರುಪಾವತಿ, ಅಂದರೆ ರೀಫಂಡ್.

ಓದುಗರೇ, ಟೈಲ್ಸ್ ಹಾಕುವ ಒಬ್ಬ ಕೆಲಸಗಾರನನ್ನು ಊಹಿಸಿಕೊಳ್ಳಿ. ಅವನಿಗೆ ಬ್ಯಾಂಕ್ ಖಾತೆಯಿಲ್ಲ. ದಾಖಲೆಗಳಲ್ಲಿ ಹೆಸರು ಒಂದೊಂದು ಕಡೆ ಒಂದೊಂದು ರೀತಿ ಇದೆಯೆಂದೋ, ಬಡ್ಡಿಯ ಹೊಸ್ತಿಲು ತುಳಿಯಬಾರದೆಂಬ ಭಯದಿಂದಲೋ ಅವನು ಖಾತೆ ತೆರೆದಿಲ್ಲ. ಅವನಿಗೆ 2,40,000 ರೂಪಾಯಿಯ ಗುತ್ತಿಗೆ ಸಿಗುತ್ತದೆ. ಕೆಲಸ ಕೊಟ್ಟ ಕಂಪೆನಿಯು ಪ್ಯಾನ್ ಬೇಕು, ಹಣ ಖಾತೆಗೇ ಹಾಕುತ್ತೇವೆ ಎನ್ನುತ್ತದೆ. ಅವನು ಗೆಳೆಯನ ಮೊರೆ ಹೋಗುತ್ತಾನೆ. ಗೆಳೆಯ ತನ್ನ ಪ್ಯಾನ್ ಮತ್ತು ಖಾತೆ ಸಂಖ್ಯೆ ಕೊಡುತ್ತಾನೆ. ಕಂಪೆನಿಯು ಶೇಕಡಾ 1ರಂತೆ 2,400 ರೂಪಾಯಿ ಟಿಡಿಎಸ್ ಮುರಿದುಕೊಂಡು, ಗೆಳೆಯನ ಪ್ಯಾನ್‌ಗೆ ಜಮೆಯಾಗುವಂತೆ ಸರಕಾರಕ್ಕೆ ಕಟ್ಟುತ್ತದೆ. ಉಳಿದ 2,37,600 ರೂಪಾಯಿಯನ್ನು ಗೆಳೆಯ ಪೈಸೆ ಬಿಡದೆ ಎಣಿಸಿ ಕೊಡುತ್ತಾನೆ. ಲೆಕ್ಕ ಮುಗಿಯಿತೆಂದು ಇಬ್ಬರೂ ತಿಳಿಯುತ್ತಾರೆ.

ಲೆಕ್ಕ ಮುಗಿದಿಲ್ಲ. ಟಿಡಿಎಸ್ ಎಂಬುದು ಕೊನೆಯ ತೆರಿಗೆಯಲ್ಲ, ಮುಂಗಡವಾಗಿ ಹಿಡಿದಿಟ್ಟ ಹಣ. ವರ್ಷದ ಆದಾಯಕ್ಕೆ ತೆರಿಗೆ ತಗಲದಿದ್ದರೆ, ರಿಟರ್ನ್ ಸಲ್ಲಿಸಿದವನಿಗೆ ಅದು ಹಿಂದಕ್ಕೆ ಬರುತ್ತದೆ. ಒಂದು ಕಾಲದಲ್ಲಿ ಚೆಕ್ ಮೂಲಕವೂ ಬರುತ್ತಿತ್ತು. 2019ರ ಮಾರ್ಚ್ 1ರಿಂದ ಪ್ಯಾನ್ ಜೋಡಿಸಿದ ಖಾತೆಗೆ ಮಾತ್ರ ಬರುತ್ತದೆ. ರಿಟರ್ನ್‌ಗಳನ್ನು ಪರಿಶೀಲಿಸುವ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ. ಅಲ್ಲಿನ ಕಂಪ್ಯೂಟರಿಗೆ ಪ್ಯಾನ್ ಕಾಣುತ್ತದೆ, ಮೊಣಕಾಲೂರಿ ಟೈಲ್ಸ್ ಹಾಕಿದವನು ಕಾಣುವುದಿಲ್ಲ. ಹೀಗೆ ಮರುವರ್ಷ ಆ 2,400 ರೂಪಾಯಿ ಗೆಳೆಯನ ಖಾತೆ ಸೇರುತ್ತದೆ. ಅಂತಹ ಹಣವೊಂದಿದೆ ಎಂಬುದೇ ಕೆಲಸಗಾರನಿಗೆ ಗೊತ್ತಿಲ್ಲ.

ನಿಜವಾದ ಪರೀಕ್ಷೆ ಇರುವುದು ಇಲ್ಲಿ. ಕೇಳುವವರಿರುವಾಗ ಹಿಂದಿರುಗಿಸುವುದು ಸುಲಭ. ತನಗೆ ಬರಬೇಕಾದುದಿದೆ ಎಂದು ಒಡೆಯನಿಗೇ ತಿಳಿಯದಿರುವಾಗ, ಅದನ್ನು ಬಲ್ಲವರು ನಾವು ಮತ್ತು ಅಲ್ಲಾಹನು ಮಾತ್ರ.

ಆಗ ಮನಸ್ಸು ನೆಪಗಳನ್ನು ಹುಡುಕುತ್ತದೆ. ಮೊದಲ ನೆಪ, ಸರಕಾರವೇ ನನ್ನ ಹೆಸರಿಗೆ ಕೊಟ್ಟಿದೆಯಲ್ಲ ಎಂಬುದು. ಉಮ್ಮು ಸಲಮಾ(ರ) ವರದಿ ಮಾಡಿದ ಪ್ರಸಿದ್ಧ ಹದೀಸನ್ನು ನೆನೆಯಿರಿ. ವಾದದಲ್ಲಿ ಚತುರನಾದವನ ಮಾತು ಕೇಳಿ ತಾನು ತೀರ್ಪು ಕೊಟ್ಟರೂ, ಸಹೋದರನ ಹಕ್ಕು ಅವನಿಗೆ ಹಲಾಲ್ ಆಗುವುದಿಲ್ಲ, ಅದು ಬೆಂಕಿಯ ತುಂಡು ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದರು. ಸ್ವತಃ ಪ್ರವಾದಿಯವರ(ಸ) ತೀರ್ಪೇ ಪರರ ಸೊತ್ತನ್ನು ಹಲಾಲ್ ಮಾಡದಿದ್ದರೆ, ಕಚೇರಿಯ ಆದೇಶ ಮಾಡೀತೇ?

ಎರಡನೆಯ ನೆಪ, ಓಡಾಡಿದವನು ನಾನು, ರಿಟರ್ನ್ ಬರೆಯಿಸಲು ಫೀಸು ಕೊಟ್ಟವನೂ ನಾನು ಎಂಬುದು. ಶ್ರಮಕ್ಕೆ ಪ್ರತಿಫಲ ಕೇಳುವುದು ತಪ್ಪಲ್ಲ. ಆದರೆ ಅದನ್ನು ಮೊದಲೇ ಮಾತಾಡಿಕೊಳ್ಳಬೇಕು, ಇಲ್ಲವೇ ಹಣ ಬಂದಾಗ ಲೆಕ್ಕ ಮುಂದಿಟ್ಟು ಅವನ ಒಪ್ಪಿಗೆಯಿಂದ ಪಡೆಯಬೇಕು. ಕೇಳಿ ಪಡೆದರೆ ಅದು ಕೂಲಿ. ಹೇಳದೆ ಇಟ್ಟುಕೊಂಡರೆ ಅದು ಖಿಯಾನತ್, ವಿಶ್ವಾಸದ್ರೋಹ.

ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿರುವ, ಗುಹೆಯಲ್ಲಿ ಸಿಲುಕಿದ ಮೂವರ ಘಟನೆ ನೀವು ಕೇಳಿರಬಹುದು. ಅವರಲ್ಲೊಬ್ಬನ ಕೂಲಿಯಾಳು ಕೂಲಿ ಪಡೆಯದೆ ಹೊರಟು ಹೋಗಿದ್ದ. ಧಣಿ ಆ ಕೂಲಿಯನ್ನು ಬೆಳೆಸಿದ. ಅದು ಒಂಟೆ, ದನ, ಆಡುಗಳ ಮಂದೆಯಾಯಿತು. ವರ್ಷಗಳ ಬಳಿಕ ಆಳು ಬಂದು ಕೂಲಿ ಕೇಳಿದಾಗ ಎಲ್ಲವನ್ನೂ ತೋರಿಸಿ, ಇದು ನಿನ್ನದೆಂದ. ತಮಾಷೆ ಮಾಡುತ್ತಿದ್ದಾನೆಂದೇ ಆಳು ಭಾವಿಸಿದ. ಧಣಿ ಮೂಲ ಕೂಲಿಯನ್ನಷ್ಟೇ ಕೊಟ್ಟಿದ್ದರೂ ಕೇಳಲು ಬಂದವನು ಸಂತೋಷದಿಂದ ಹೋಗುತ್ತಿದ್ದ. ಕತ್ತಲೆಯಲ್ಲಿ ಬಂಡೆ ಸರಿಯಲೆಂದು ಪ್ರಾರ್ಥಿಸುವಾಗ ಆ ಧಣಿ ಅಲ್ಲಾಹನ ಮುಂದಿಟ್ಟ ಬಂಡವಾಳ ಈ ಕೆಲಸವೇ.

ಇನ್ನು ಲೆಕ್ಕದ ಸೂಕ್ಷ್ಮಗಳಿವೆ. ರೀಫಂಡ್ ತಡವಾದಾಗ ಸರಕಾರ ಸಾಮಾನ್ಯವಾಗಿ ತಿಂಗಳಿಗೆ ಶೇಕಡಾ ಅರ್ಧದಂತೆ ಬಡ್ಡಿಯನ್ನೂ ಸೇರಿಸುತ್ತದೆ. ಆದೇಶದಲ್ಲಿ ಅಸಲು ಮತ್ತು ಬಡ್ಡಿ ಬೇರೆ ಬೇರೆಯಾಗಿ ನಮೂದಾಗಿರುತ್ತವೆ. ಬಡ್ಡಿಯಂಶದ ಕುರಿತು ಬಲ್ಲ ಆಲಿಮರನ್ನು ಕೇಳಿಕೊಳ್ಳಬೇಕು. ಆದರೆ ಹಾಗೆ ಕೇಳಬೇಕಾದವನು ಹಣದ ಒಡೆಯ. ಅದು ಬಡ್ಡಿ ತಾನೇ ಎಂದು ಗೆಳೆಯನೇ ತೀರ್ಮಾನಿಸಿ ಮರೆಮಾಚುವಂತಿಲ್ಲ. ಇನ್ನೊಂದು ಸಂಗತಿ. ಗೆಳೆಯನಿಗೆ ಸ್ವಂತ ಆದಾಯಕ್ಕೆ ತೆರಿಗೆ ಇದ್ದರೆ ಆ 2,400 ರೂಪಾಯಿ ಖಾತೆಗೆ ಬರದೆ ಅವನ ತೆರಿಗೆಯಲ್ಲೇ ವಜಾ ಆಗಬಹುದು. ಜೊತೆಗೆ ಪರರ ಆದಾಯ ಸೇರಿ ಅವನ ತೆರಿಗೆ ಹೆಚ್ಚಲೂಬಹುದು. ಯಾರಿಂದ ಯಾರಿಗೆ ಎಷ್ಟು ಸಲ್ಲಬೇಕೆಂದು ಇಬ್ಬರೂ ಕುಳಿತು ಬರೆದು ನೋಡಬೇಕು. ಕೊಡು ಕೊಳ್ಳುವಿಕೆಯನ್ನು ಬರೆದಿಡಬೇಕೆಂಬುದು ಅಲ್‌ಬಕರ ಅಧ್ಯಾಯದ 282ನೆಯ ಸೂಕ್ತದ ಬೋಧನೆ. ಕೆಲಸಗಾರ ತೀರಿಹೋಗಿದ್ದರೆ ಹಣ ಅವನ ವಾರಸುದಾರರದ್ದು.

ಹಾಗಾದರೆ ಖಾತೆ ಎರವಲು ಕೊಡುವುದು ಪುಣ್ಯದ ಕೆಲಸವೇ? ಅಲ್ಲ. ಒಬ್ಬನ ದುಡಿಮೆಯನ್ನು ಇನ್ನೊಬ್ಬನ ಪ್ಯಾನ್‌ನಲ್ಲಿ ತೋರಿಸುವುದೇ ಸತ್ಯಕ್ಕೆ ದೂರವಾದ ಮಾತು, ಕಾನೂನಿಗೂ ಒಪ್ಪದ್ದು. ದಯೆಯಿಂದ ಆಡಿದ ಸುಳ್ಳೂ ಸುಳ್ಳೇ. ನಿಜವಾದ ಸಹಾಯವೆಂದರೆ ಅವನ ಕೈಹಿಡಿದು ಬ್ಯಾಂಕಿಗೆ ಕರೆದೊಯ್ಯುವುದು, ದಾಖಲೆಯ ಹೆಸರು ಸರಿಪಡಿಸಲು ಜೊತೆ ನಿಲ್ಲುವುದು. 2014ರ ಆಗಸ್ಟ್‌ನಲ್ಲಿ ಆರಂಭವಾದ ಜನಧನ ಯೋಜನೆಯಲ್ಲಿ ಹಣವಿಡದೆಯೂ ಖಾತೆ ತೆರೆಯಬಹುದು. ಬಡ್ಡಿಗೆ ಹೆದರುವವನ ಭಯ ಗೌರವಕ್ಕೆ ಅರ್ಹ. ಆದರೆ ಅಗತ್ಯಕ್ಕಾಗಿ ಖಾತೆ ಇಟ್ಟುಕೊಂಡು, ಸೇರಿದ ಬಡ್ಡಿಯನ್ನು ಪುಣ್ಯದ ಆಸೆಯಿಲ್ಲದೆ ಬಡವರಿಗೆ ದಾಟಿಸುವ ದಾರಿಯನ್ನು ಅನೇಕ ಉಲಮಾಗಳು ತೋರಿಸಿಕೊಟ್ಟಿದ್ದಾರೆ. ಬಡ್ಡಿಯಿಂದ ಓಡಿ ಸುಳ್ಳಿನ ಮಡಿಲಿಗೆ ಬೀಳುವುದು ತಖ್ವಾ ಅಲ್ಲ.

ಅಮಾನತ್‌ಗಳನ್ನು ಅವುಗಳ ಹಕ್ಕುದಾರರಿಗೆ ತಲುಪಿಸಬೇಕೆಂದು ಅನ್ನಿಸಾ ಅಧ್ಯಾಯದ 58ನೆಯ ಸೂಕ್ತ ಆಜ್ಞಾಪಿಸುತ್ತದೆ. ಕ್ರಿ.ಶ. 622ರಲ್ಲಿ, ಪ್ರಾಣಕ್ಕೆ ಸಂಚು ಹೂಡಿದ್ದ ಊರನ್ನು ಬಿಡುವಾಗಲೂ ಪ್ರವಾದಿವರ್ಯರು(ಸ) ಮಕ್ಕಾದ ಜನರ ಒತ್ತೆಯ ಸೊತ್ತುಗಳನ್ನು ಹಿಂದಿರುಗಿಸಲು ಹಝ್ರತ್ ಅಲೀ(ರ)ಯವರನ್ನು ನಿಲ್ಲಿಸಿದರು. ವೈರಿಗಳ ಊರಿನವರ ಅಮಾನತ್‌ಗೇ ಅಷ್ಟು ಬೆಲೆಯಿದ್ದರೆ, ನಮ್ಮನ್ನು ನಂಬಿ ಬಂದ ಗೆಳೆಯನ ಹಣಕ್ಕೆ ಎಷ್ಟಿರಬೇಕು!

ಸಹೋದರರೇ, ಇಂದೇ ನಿಮ್ಮ ಪಾಸ್‌ಬುಕ್ ತೆರೆದು ನೋಡಿರಿ. ನಿಮ್ಮ ಹೆಸರಿನಲ್ಲಿ ಬಂದು, ನಿಮ್ಮ ಬೆವರಿನಿಂದ ಬರದ ಸಾಲೊಂದು ಅಲ್ಲಿದ್ದರೆ, ಅದರ ಒಡೆಯನನ್ನು ಹುಡುಕಿಕೊಂಡು ಹೋಗಿರಿ. ಅವನು ಕೇಳಲಾರ, ಏಕೆಂದರೆ ಅವನಿಗೆ ಗೊತ್ತಿಲ್ಲ. ನಾಳೆ ಎಲ್ಲವೂ ತೆರೆದಿಡಲ್ಪಡುವ ದಿನ ಅವನಿಗೂ ಗೊತ್ತಾಗುತ್ತದೆ. ಅದಕ್ಕೆ ಮೊದಲೇ ನಾವಾಗಿ ಹೇಳುವ ಸದ್ಬುದ್ಧಿಯನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.