ಸ್ಪರ್ಧೆಯ ನಡುವೆ ಜ್ಞಾನದಾನ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳು ಶ್ರಾವಕನ ಕರ್ತವ್ಯಗಳೆಂದು ಜೈನ ಮನೆಗಳಲ್ಲಿ ಮಕ್ಕಳಿಗೆ ಎಳವೆಯಿಂದಲೇ ಹೇಳಿಕೊಡಲಾಗುತ್ತದೆ. ಅನ್ನವನ್ನೋ ಔಷಧವನ್ನೋ ಕೊಟ್ಟರೆ ಕೊಟ್ಟವನ ಗಂಟು ಅಷ್ಟು ಕರಗುತ್ತದೆ. ಜ್ಞಾನವನ್ನು ಕೊಟ್ಟರೆ ಕೊಟ್ಟವನಲ್ಲಿ ಅದು ಕಡಿಮೆಯಾಗದು ಎಂಬುದು ಹಿರಿಯರ ಮಾತು. ಇಂದಿನ ಸ್ಪರ್ಧಾತ್ಮಕ ಪರೀಕ್ಷೆಗಳು ಈ ಮಾತನ್ನೇ ಪರೀಕ್ಷೆಗೆ ಒಡ್ಡಿವೆ. ತನ್ನಿಂದ ಕಲಿತವನೇ ಅದೇ ತಿಳಿವಳಿಕೆಯ ಬಲದಿಂದ ತನ್ನನ್ನು ಹಿಂದೆ ಹಾಕಬಹುದಾದಾಗ ಜ್ಞಾನದಾನದ ಕರ್ತವ್ಯ ಉಳಿಯುತ್ತದೆಯೇ, ಇಲ್ಲವೇ? ಈ ಪ್ರಶ್ನೆ ಇಂದು ಅನೇಕ ಕುಟುಂಬಗಳ ಬಾಗಿಲಿಗೆ ಬಂದಿದೆ.

ಭಾರತೀಯ ರಿಸರ್ವ್ ಬ್ಯಾಂಕು ತನ್ನ ‘ಬಿ’ ಶ್ರೇಣಿಯ ಅಧಿಕಾರಿಗಳ ನೇಮಕಾತಿಗಾಗಿ ನಡೆಸುವ ಪರೀಕ್ಷೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 2024ರಲ್ಲಿ ಎಲ್ಲ ವಿಭಾಗಗಳೂ ಸೇರಿ ಪ್ರಕಟವಾದ ಹುದ್ದೆಗಳು 94, 2025ರಲ್ಲಿ 120. ಇಡೀ ದೇಶದ ಪದವೀಧರರು ಈ ಬೆರಳೆಣಿಕೆಯ ಸ್ಥಾನಗಳಿಗಾಗಿ ಪೈಪೋಟಿ ನಡೆಸುತ್ತಾರೆ. ಸಾಮಾನ್ಯ ವಿಭಾಗದ ಹುದ್ದೆಗಳಿಗೆ ಮೊದಲ ಹಂತದಲ್ಲಿ 120 ನಿಮಿಷಗಳಲ್ಲಿ 200 ಅಂಕಗಳ ಪ್ರಶ್ನಪತ್ರಿಕೆ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಕಾಲುಭಾಗ ಕಡಿತ. ಎರಡನೆಯ ಹಂತದಲ್ಲಿ ಆರ್ಥಿಕ ಮತ್ತು ಸಾಮಾಜಿಕ ವಿಷಯಗಳು, ಇಂಗ್ಲಿಷ್ ಬರವಣಿಗೆ, ಹಣಕಾಸು ಮತ್ತು ನಿರ್ವಹಣೆ ಎಂಬ ಮೂರು ಪತ್ರಿಕೆಗಳು. ಆಮೇಲೆ ಸಂದರ್ಶನ. ಸಾಮಾನ್ಯ ವರ್ಗದ ಅಭ್ಯರ್ಥಿಗೆ ಆರು ಅವಕಾಶಗಳು ಮಾತ್ರ. ಪ್ರಶ್ನಪತ್ರಿಕೆಗಳು ಹಿಂದಿ ಹಾಗೂ ಇಂಗ್ಲಿಷಿನಲ್ಲಿ ಇರುವುದರಿಂದ ಕನ್ನಡ ಮಾಧ್ಯಮದಲ್ಲಿ ಓದಿಬಂದವನಿಗೆ ಶ್ರಮ ಇಮ್ಮಡಿ. ಇಲ್ಲಿ ಅರ್ಧ ಅಂಕಕ್ಕೂ ಬೆಲೆಯಿದೆ.

ಧಾರವಾಡದ ಒಂದು ಕೋಣೆಯಲ್ಲಿ ವಾಸಿಸುವ ಇಬ್ಬರು ಅಭ್ಯರ್ಥಿಗಳನ್ನು ಕಲ್ಪಿಸಿಕೊಳ್ಳಬಹುದು. ಒಬ್ಬನ ತಂದೆ ಚಿಕ್ಕೋಡಿಯ ಕಡೆಯ ಕೃಷಿಕ. ಮಗನ ಓದಿಗಾಗಿ ಸಾಲ ಮಾಡಿದ್ದಾನೆ. ಮಗ ಎರಡು ವರ್ಷ ಕುಳಿತು ಆರ್ಥಿಕ ಸಮೀಕ್ಷೆ, ಮುಂಗಡಪತ್ರ, ರಿಸರ್ವ್ ಬ್ಯಾಂಕಿನ ವರದಿಗಳನ್ನು ಓದಿ ತನ್ನ ಕೈಯಾರೆ ಟಿಪ್ಪಣಿ ಸಿದ್ಧಪಡಿಸಿದ್ದಾನೆ. ಎರಡನೆಯ ಹಂತಕ್ಕೆ ಕೆಲವೇ ವಾರಗಳಿರುವಾಗ ಜೊತೆಗಾರ ಬಂದು, “ನಿನ್ನ ಟಿಪ್ಪಣಿಗಳನ್ನು ಎರಡು ದಿನ ಕೊಡುತ್ತೀಯಾ?” ಎಂದು ಕೇಳುತ್ತಾನೆ. ಇವನು “ನಾನು ಅಂಥದ್ದೇನೂ ಬರೆದಿಟ್ಟಿಲ್ಲ” ಎಂದುಬಿಡುತ್ತಾನೆ. ಯಾರ ವಸ್ತುವನ್ನೂ ಇವನು ಕದ್ದಿಲ್ಲ, ಯಾರಿಗೂ ಪೆಟ್ಟು ಕೊಟ್ಟಿಲ್ಲ. ಹಾಗಾದರೆ ತಪ್ಪೇನು?

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ಪ್ರದೋಷ, ನಿಹ್ನವ, ಮಾತ್ಸರ್ಯ, ಅಂತರಾಯ, ಆಸಾದನ, ಉಪಘಾತ ಎಂಬ ಆರನ್ನು ಹೆಸರಿಸುತ್ತದೆ. ತಿಳಿದಿದ್ದೂ ‘ಇಲ್ಲ, ಅರಿಯೆ’ ಎಂದು ಮರೆಮಾಚುವುದು ನಿಹ್ನವ. ಕೊಡಲು ಯೋಗ್ಯವಾದ ಜ್ಞಾನವನ್ನು ಕೊಡದಿರುವುದು ಮಾತ್ಸರ್ಯ ಎಂಬುದು ಪೂಜ್ಯಪಾದರ ಸರ್ವಾರ್ಥಸಿದ್ಧಿ ವ್ಯಾಖ್ಯಾನದ ಅಭಿಪ್ರಾಯ. ಕೋಣೆಯ ಆ ಒಂದು ಉತ್ತರದಲ್ಲಿ ಇವೆರಡೂ ಇವೆ. ಜೊತೆಗೆ ಸತ್ಯಾಣುವ್ರತಕ್ಕೂ ಭಂಗವಿದೆ. ಜ್ಞಾನವನ್ನೇ ಸಂಪಾದಿಸಲು ಹೊರಟವನು ಜ್ಞಾನವನ್ನು ಮುಸುಕುವ ಕರ್ಮವನ್ನು ಕಟ್ಟಿಕೊಂಡಂತಾಯಿತು.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಸೂತ್ರದಲ್ಲಿ ಹೇಳಿದ ಜ್ಞಾನ ಮೋಕ್ಷಮಾರ್ಗಕ್ಕೆ ಸಂಬಂಧಿಸಿದ್ದು. ಹಣದುಬ್ಬರದ ಲೆಕ್ಕಕ್ಕೂ ಅದಕ್ಕೂ ಏನು ಸಂಬಂಧ ಎಂಬುದು ಮೊದಲನೆಯದು. ಈ ಮಾತಿನಲ್ಲಿ ಹುರುಳಿದೆ. ಲೌಕಿಕ ಟಿಪ್ಪಣಿಯನ್ನು ಆಗಮದ ಪಕ್ಕದಲ್ಲಿ ಇಡಲಾಗದು. ಆದರೆ ಬಂಧಕ್ಕೆ ಮೂಲವಾದದ್ದು ಕಾಗದವಲ್ಲ, ಭಾವ. ಅದೇ ಅಧ್ಯಾಯ ಆಸ್ರವದ ಹೆಚ್ಚು ಕಡಿಮೆಯನ್ನು ಭಾವದ ತೀವ್ರತೆ, ಮಂದತೆ, ತಿಳಿದು ಮಾಡಿದ್ದು, ತಿಳಿಯದೆ ಮಾಡಿದ್ದು ಎಂಬುದರ ಮೇಲೂ ನಿಲ್ಲಿಸಿದೆ. ಇನ್ನೊಬ್ಬನು ಅರಿಯದೆ ಉಳಿಯಲಿ ಎಂದು ಬಯಸಿದ ಮನಸ್ಸು ನಾಳೆ ಸ್ವಾಧ್ಯಾಯದ ಪೀಠದ ಮುಂದೆ ಕುಳಿತಾಗ ಬೇರೆಯಾಗಿಬಿಡುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದುದು. ಗೃಹಸ್ಥನು ಮುನಿಯಲ್ಲ, ಅವನಿಗೆ ಸ್ವಹಿತ ನಿಷಿದ್ಧವಲ್ಲ. ಸಾಲ ಮಾಡಿದ ತಂದೆಗೆ ಮಗನ ಋಣವೂ ಧರ್ಮವೇ. ತನ್ನ ಓದನ್ನು ಬದಿಗಿಟ್ಟು ಎಲ್ಲರಿಗೂ ಪಾಠ ಹೇಳುತ್ತ ಕೂರಬೇಕೆಂದು ಯಾವ ಶ್ರಾವಕಾಚಾರವೂ ವಿಧಿಸುವುದಿಲ್ಲ. ಆದ್ದರಿಂದ “ಈ ವಾರ ನನಗೇ ಬೇಕು, ಮುಂದಿನ ವಾರ ಕೊಡುತ್ತೇನೆ” ಎಂದರೆ ದೋಷವಿಲ್ಲ. “ಹೇಳಿಕೊಡಲು ಸಮಯವಿಲ್ಲ” ಎಂಬುದು ನಿಜವಾಗಿದ್ದರೆ ಅದರಲ್ಲೂ ದೋಷವಿಲ್ಲ. ಹೊರಗಿನ ಕ್ರಿಯೆ ಒಂದೇ ಆಗಿದ್ದರೂ ಸಮಯದ ಅಭಾವದಿಂದ ಕೊಡದಿರುವುದು ಬೇರೆ, ಅವನು ಸೋಲಲಿ ಎಂದು ಕೊಡದಿರುವುದು ಬೇರೆ. ಈ ಭೇದವನ್ನು ಬೇರೆಯವರು ಅಳೆಯಲಾರರು. ಪ್ರತಿಕ್ರಮಣಕ್ಕೆ ಕುಳಿತ ವ್ಯಕ್ತಿಯೇ ಅಳೆದುಕೊಳ್ಳಬೇಕು.

ದೇಶದ ಕಾನೂನಿಗೂ ವ್ರತಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. ಪ್ರಶ್ನಪತ್ರಿಕೆಯ ಸೋರಿಕೆ ಮುಂತಾದ ಅಕ್ರಮಗಳನ್ನು ತಡೆಯಲು ಸಂಸತ್ತು 2024ರಲ್ಲಿ ಸಾರ್ವಜನಿಕ ಪರೀಕ್ಷೆಗಳ ಕಾಯಿದೆಯನ್ನು ಮಾಡಿತು. ಸಂಘಟಿತ ಅಪರಾಧಕ್ಕೆ ಹತ್ತು ವರ್ಷಗಳವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿಗೆ ಕಡಿಮೆಯಿಲ್ಲದ ದಂಡ. ಕಾನೂನು ಹಿಡಿಯುವುದು ಪತ್ರಿಕೆ ಕದ್ದವನನ್ನು. ಟಿಪ್ಪಣಿ ಅಡಗಿಸಿದವನನ್ನು ಅದು ಹಿಡಿಯದು, ಹಿಡಿಯಲೂಬಾರದು. ಕಾನೂನು ನಿಂತಲ್ಲಿಂದ ಮುಂದಕ್ಕೆ ಅಣುವ್ರತದ ಕೆಲಸ ಆರಂಭವಾಗುತ್ತದೆ.

ಅಭ್ಯರ್ಥಿಯು ಬಯಸುತ್ತಿರುವ ಹುದ್ದೆಯ ಸ್ವರೂಪವನ್ನೂ ನೋಡಬೇಕು. 1935ರ ಏಪ್ರಿಲ್ 1ರಂದು ಆರಂಭವಾಗಿ, 1949ರಲ್ಲಿ ರಾಷ್ಟ್ರೀಕರಣಗೊಂಡ ಈ ಬ್ಯಾಂಕು ನೋಟುಗಳನ್ನು ಹೊರಡಿಸುತ್ತದೆ, ಇತರ ಬ್ಯಾಂಕುಗಳ ಮೇಲೆ ಕಣ್ಣಿಡುತ್ತದೆ. ಬ್ಯಾಂಕು ಮುಳುಗಿದರೆ ಠೇವಣಿದಾರನಿಗೆ 2020ರಿಂದ ಐದು ಲಕ್ಷ ರೂಪಾಯಿಗಳವರೆಗೆ ವಿಮೆಯ ರಕ್ಷಣೆ ಇದೆ; ಅದಕ್ಕೂ ಮೀರಿದ ವೃದ್ಧರ, ವಿಧವೆಯರ ಉಳಿತಾಯವನ್ನು ಕಾಯುವುದು ಮೇಲ್ವಿಚಾರಕರ ಎಚ್ಚರವೇ. ಲೆಕ್ಕವನ್ನು ಮರೆಮಾಚಿದ ಬ್ಯಾಂಕನ್ನು ಪ್ರಶ್ನಿಸಬೇಕಾದ ಅಧಿಕಾರಿ, ಮರೆಮಾಚುವುದನ್ನೇ ಅಭ್ಯಾಸ ಮಾಡಿ ಆ ಕುರ್ಚಿಗೆ ಬಂದಿದ್ದರೆ ಜನರಿಗೆ ಯಾವ ಭರವಸೆ?

ಈಗ ಕಠಿಣವಾದ ಮಾತು. ಚಿಕ್ಕೋಡಿಯ ಆ ಯುವಕ ಮನಸ್ಸು ಬದಲಾಯಿಸಿ, ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡು ಟಿಪ್ಪಣಿ ಕೊಟ್ಟನೆಂದು ಇಟ್ಟುಕೊಳ್ಳಬಹುದು. ದೇಶದಾದ್ಯಂತದ ಅಭ್ಯರ್ಥಿಗಳ ನಡುವೆ ಒಬ್ಬ ಜೊತೆಗಾರನಿಂದ ತನಗೆ ನಷ್ಟವಾಗುವ ಸಂಭವ ಅತ್ಯಲ್ಪ ಎಂಬ ಸಮಾಧಾನವಿದೆ. ಆದರೆ ಧರ್ಮವನ್ನು ಆ ಲೆಕ್ಕದ ಮೇಲೆ ನಿಲ್ಲಿಸಲಾಗದು. ಜೊತೆಗಾರ ಆಯ್ಕೆಯಾಗಿ, ಕೊಟ್ಟವನು ಅಲ್ಪ ಅಂತರದಿಂದ ಉಳಿದುಬಿಡಬಹುದು. ಆಗ “ಒಳ್ಳೆಯತನ ನಿನ್ನನ್ನು ಕೆಡಿಸಿತು” ಎಂದು ಮನೆಯವರೇ ಹೇಳಬಹುದು. ‘ದಾನ ಮಾಡಿದೆ, ಫಲ ಸಿಗಲೇಬೇಕಿತ್ತು’ ಎಂದು ಅವನಿಗೇ ಅನ್ನಿಸಬಹುದು. ಹಾಗೆ ಅನ್ನಿಸಿದರೆ ಅದು ನಿದಾನ. ವ್ರತಿಯು ಕಿತ್ತೊಗೆಯಬೇಕಾದ ಮೂರು ಶಲ್ಯಗಳಲ್ಲಿ ಒಂದು. ಫಲಕ್ಕಾಗಿ ಕೊಟ್ಟದ್ದು ದಾನವಾಗದೆ ವ್ಯಾಪಾರವಾಗುತ್ತದೆ. ಜೊತೆಗಾರನು ಇವನ ಲಾಭವನ್ನು ಕಸಿದಿಲ್ಲ. ಲಾಭಾಂತರಾಯ ಅವರವರ ಕರ್ಮ. ಹಾಗೆಂದು ಪುರುಷಾರ್ಥವನ್ನು ಬಿಡಬೇಕಿಲ್ಲ. ಅವಕಾಶ ಉಳಿದಿದ್ದರೆ ಮರುವರ್ಷ ಮತ್ತೆ ಓದಬೇಕು. ಕೊಟ್ಟದ್ದರಿಂದ ಅವನ ತಿಳಿವಳಿಕೆ ಕಡಿಮೆಯಾಗಿಲ್ಲ, ಹುದ್ದೆ ಮಾತ್ರ ತಪ್ಪಿದೆ. ಹಿರಿಯರ ಮಾತು ಸುಳ್ಳಾಗಲಿಲ್ಲ. ಆದರೆ ಅದರ ಬೆಲೆ ಎಷ್ಟೆಂಬುದು ತಿಳಿಯಿತು.

ಈ ಬೆಲೆಯನ್ನು ಒಬ್ಬ ಯುವಕನೇ ಹೊರಬೇಕೆ? ಸಮಾಜಕ್ಕೂ ಇದರಲ್ಲಿ ಪಾಲಿದೆ. ಮಹಾವೀರ ಜಯಂತಿಯ ವೇದಿಕೆಯಲ್ಲಿ ಪ್ರತಿಭಾ ಪುರಸ್ಕಾರವನ್ನು ಗೆದ್ದವರಿಗೆ ಮಾತ್ರ ಕೊಡುತ್ತ ಬಂದರೆ, ಗೆಲುವೊಂದೇ ಗಣ್ಯವೆಂದು ಮಕ್ಕಳು ಕಲಿಯುತ್ತಾರೆ. ಬಸದಿಗಳ ಟ್ರಸ್ಟುಗಳು ತಮ್ಮ ವಿದ್ಯಾರ್ಥಿನಿಲಯಗಳಲ್ಲಿ ಒಂದು ಕಪಾಟನ್ನು ಇಂಥ ಟಿಪ್ಪಣಿಗಳಿಗಾಗಿ ಮೀಸಲಿಡಬಹುದು. ಪರೀಕ್ಷೆ ಮುಗಿಸಿದವರು, ಗೆದ್ದಿರಲಿ ಸೋತಿರಲಿ, ತಮ್ಮ ಬರಹಗಳನ್ನು ಅಲ್ಲಿ ಇಟ್ಟುಹೋಗಲಿ. ವರ್ಷಕ್ಕೊಮ್ಮೆ ಶ್ರುತಪಂಚಮಿಯಂದು, ಶಾಸ್ತ್ರಪೂಜೆಯಾದ ಮೇಲೆ, ಕೊಟ್ಟವರ ಹೆಸರುಗಳನ್ನು ಓದಿದರೆ ಸಾಕು. ಹಾರ ತುರಾಯಿ ಬೇಕಿಲ್ಲ. ಅಂದು ಮಗನ ಹೆಸರನ್ನು ಕೇಳಿದ ತಂದೆಗೆ, ತನ್ನ ಸಾಲ ಪೂರ್ತಿ ವ್ಯರ್ಥವಾಗಲಿಲ್ಲ ಎಂದು ಅನ್ನಿಸೀತು.