ನೂಲೊ, ಲಾಳಿಯೊ? — ಸಾಧ್ಯಸಾಧನ ವಿಚಾರ

ಕಾರಣದ ಗುಣವೇ ಕಾರ್ಯದಲ್ಲಿಯೂ ತೋರುವುದೆಂದು ವೈಶೇಷಿಕರು ಹೇಳುವರು. ನೀಲಿಯ ನೂಲಿನಿಂದ ನೆಯ್ದ ಬಟ್ಟೆ ನೀಲಿಯಾಗಿಯೇ ಇರುವುದು. ಆದರೆ ನೂಲು ಬಟ್ಟೆಗೆ ಸಮವಾಯಿಕಾರಣ. ಮಗ್ಗ, ಲಾಳಿಗಳು ನಿಮಿತ್ತಕಾರಣಗಳು. ನೂಲಿನ ಬಣ್ಣ ಬಟ್ಟೆಗೆ ಬರುವುದಲ್ಲದೆ ಲಾಳಿಯ ಬಣ್ಣ ಬಾರದು. ಸದುದ್ದೇಶಕ್ಕಾಗಿ ಕ್ರೂರಸಾಧನವನ್ನು ಬಳಸಬಹುದೆ ಎಂಬ ಪ್ರಶ್ನೆಯನ್ನು ಈ ವಿವೇಚನೆಯಿಂದ ಪರೀಕ್ಷಿಸುವುದು ಉಚಿತವಾಗಿದೆ.

ಕಮ್ಯೂನಿಸ್ಟರ ನಡುವೆಯೇ ನಿಂತು ಈ ಪ್ರಶ್ನೆಯನ್ನೆತ್ತಿದವಳು ರೋಸಾ ಲಕ್ಸೆಂಬರ್ಗ್. ಪೋಲೆಂಡಿನಲ್ಲಿ ಹುಟ್ಟಿ, 1897ರಲ್ಲಿ ಜೂರಿಕ್ ವಿಶ್ವವಿದ್ಯಾನಿಲಯದ ಡಾಕ್ಟರ್ ಪದವಿಯನ್ನು ಪಡೆದು, ಜರ್ಮನಿಯಲ್ಲಿ ನೆಲಸಿದ ಈ ವಿದುಷಿಯು ಕ್ರಾಂತಿಗೆ ಅಂಜಿದವಳಲ್ಲ. ಸುಧಾರಣೆಗಳಿಂದಲೇ ಸಮಾಜವಾದವು ಮೆಲ್ಲಮೆಲ್ಲನೆ ಕೈಗೂಡುವುದೆಂದ ಬರ್ನ್‌ಸ್ಟೈನನ ಮತವನ್ನು ಖಂಡಿಸಿದವಳು. 1914ರಲ್ಲಿ ತನ್ನ ಪಕ್ಷವೇ ಯುದ್ಧದ ಸಾಲಕ್ಕೆ ಸಮ್ಮತಿಯಿತ್ತಾಗ ಅದನ್ನು ವಿರೋಧಿಸಿ, ಯುದ್ಧಕಾಲದ ಬಹುಭಾಗವನ್ನು ಸೆರೆಮನೆಯಲ್ಲಿ ಕಳೆದಳು. ರಷ್ಯದ ಕ್ರಾಂತಿಯನ್ನು ಕುರಿತು ಆಕೆ 1918ರಲ್ಲಿ ಬ್ರೆಸ್ಲೌ ಸೆರೆಮನೆಯಲ್ಲಿ ಬರೆದ ಲೇಖನವು 1922ರಲ್ಲಿ, ಆಕೆಯ ಮರಣಾನಂತರ, ಪ್ರಕಟವಾಯಿತು.

ಲೆನಿನ್ನನ ಸರ್ಕಾರವು ಅನೇಕ ವಿರೋಧಿ ಪತ್ರಿಕೆಗಳನ್ನು ನಿಲ್ಲಿಸಿ, 1918ರ ಜನವರಿಯಲ್ಲಿ ಚುನಾಯಿತ ರಾಜ್ಯಾಂಗ ರಚನಾಸಭೆಯನ್ನು ವಿಸರ್ಜಿಸಿದ್ದಿತು. ಅದರ ಪರವಾದ ಪೂರ್ವಪಕ್ಷವು ಹಗುರವಾದುದಲ್ಲ. ಸುತ್ತಲೂ ಶತ್ರುಗಳು, ಒಳಗೆ ಹಸಿವು. ಇಂತಹ ವೇಳೆಯಲ್ಲಿ ವಾದವಿವಾದಗಳಿಗೆ ಎಡೆಯೆಲ್ಲಿ? ವರ್ಗಭೇದವು ಅಳಿದ ಬಳಿಕ ಸ್ವಾತಂತ್ರ್ಯವು ತಾನಾಗಿಯೇ ಬರುವುದು. ಸರ್ವಾಧಿಕಾರವು ಬರಿಯ ಲಾಳಿ, ಬಟ್ಟೆ ಮುಗಿದೊಡನೆ ಅದನ್ನು ಕೆಳಗಿಡಬಹುದು.

ರೋಸಾ ಆ ಸಂಕಟವನ್ನು ಅಲ್ಲಗಳೆಯಲಿಲ್ಲ. ಕ್ರಾಂತಿಕಾರರ ಧೈರ್ಯವನ್ನು ಮನಸಾರೆ ಹೊಗಳಿದಳು. ಆಪದ್ಧರ್ಮವನ್ನು ನಿತ್ಯಧರ್ಮವೆಂದು ಸಾರುವುದೇ ಅಪಾಯವೆಂಬುದು ಆಕೆಯ ಆಕ್ಷೇಪಣೆಯ ತಿರುಳು. ಹೊಸ ಸಮಾಜದ ವಿಧಿಯು ಯಾವ ಗ್ರಂಥದಲ್ಲಿಯೂ ಸಿದ್ಧವಾಗಿ ಬರೆದಿಲ್ಲ. ಜನರು ಕೂಡಿ ಮಾತನಾಡಿ, ತಪ್ಪಿ, ತಿದ್ದಿಕೊಂಡು ಅದನ್ನು ಕಲಿಯಬೇಕು. ಒಪ್ಪದವನ ಬಾಯನ್ನು ಕಟ್ಟಿದರೆ ಈ ಕಲಿಕೆಯೇ ನಿಲ್ಲುವುದು. ಕೊನೆಗೆ ಅಧಿಕಾರಿವರ್ಗವೊಂದೇ ಉಳಿಯುವುದು. ಹಾಗಾದರೆ ಮುಕ್ತವಾದ ಚರ್ಚೆಯು ಲಾಳಿಯಲ್ಲ, ನೂಲು. ನೂಲನ್ನೇ ತೆಗೆದಿಟ್ಟು ಬಟ್ಟೆಯನ್ನು ನೆಯ್ಯುವೆನೆಂಬವನು ಯಾವುದನ್ನು ನೆಯ್ದಾನು?

ರೋಸಾಳೇ ಸೋತಳಲ್ಲವೆ ಎಂದು ಕೇಳಬಹುದು. ನಿಜ. 1918ರ ಕೊನೆಯಲ್ಲಿ ಜರ್ಮನ್ ಕಮ್ಯೂನಿಸ್ಟ್ ಪಕ್ಷದ ಸ್ಥಾಪನಾಸಭೆಯಲ್ಲಿ, ರಾಷ್ಟ್ರಸಭೆಯ ಚುನಾವಣೆಯಲ್ಲಿ ಸೇರಬೇಕೆಂಬ ಪಕ್ಷವನ್ನು ಆಕೆ ಹಿಡಿದಳು, ಬಹುಮತವು ಒಪ್ಪಲಿಲ್ಲ. ಆಕೆ ಸಂಗಡಿಗರನ್ನು ಬಿಟ್ಟುಹೋಗಲೂ ಇಲ್ಲ. 1919ರ ಜನವರಿ 15ರಂದು ಬರ್ಲಿನ್ನಿನಲ್ಲಿ ಸೈನಿಕರು ಆಕೆಯನ್ನು ಕೊಂದು ದೇಹವನ್ನು ಕಾಲುವೆಗೆ ಎಸೆದರು. ಲೆನಿನ್ನನು ಸ್ಥಾಪಿಸಿದ ರಾಜ್ಯವಾದರೋ 1991ರವರೆಗೆ ನಿಂತಿತು. ಆದರೆ ಮಗ್ಗವು ಬಹುಕಾಲ ಬಾಳಿತೆಂಬುದು ಬಟ್ಟೆಯ ಬಣ್ಣಕ್ಕೆ ಪ್ರಮಾಣವಾಗದು. ಲೆನಿನ್ನನೊಡನೆ ದುಡಿದ ಜಿನೋವಿಯೆವ್, ಕಾಮೆನೆವರನ್ನು 1936ರಲ್ಲಿಯೂ ಬುಖಾರಿನನನ್ನು 1938ರಲ್ಲಿಯೂ ಸ್ಟಾಲಿನ್ನನ ಆಳಿಕೆಯು ವಿಚಾರಣೆಯ ನಾಟಕವಾಡಿಸಿ ಕೊಲ್ಲಿಸಿತು. ಪರರಿಗೆ ಇಲ್ಲವೆಂದ ವಾಕ್ಸ್ವಾತಂತ್ರ್ಯವು ಅವರ ಪಾಲಿಗೂ ಉಳಿದಿರಲಿಲ್ಲ.

ಈ ನಿಯಮವು ಕಮ್ಯೂನಿಸ್ಟರಿಗೆ ಮಾತ್ರವೇ ಸಲ್ಲುವುದೆಂದು ತಿಳಿಯಬಾರದು. ಬರ್ಲಿನ್ನಿನ ಸರ್ಕಾರವು ಶಾಂತಿಪಾಲನೆಯ ಹೆಸರಿನಲ್ಲಿ ಸ್ವಯಂಸೇವಕ ಸೈನ್ಯಗಳನ್ನು ಸಾಕಿತು. ಅಂತಹ ಸೈನ್ಯವೊಂದು 1920ರ ಮಾರ್ಚಿಯಲ್ಲಿ ಆ ಸರ್ಕಾರದ ಮೇಲೆಯೇ ತಿರುಗಿಬಿದ್ದಿತು.

ಸಮತೆಯು ಸಣ್ಣ ಆದರ್ಶವಲ್ಲ. ಹಸಿದವನ ಮುಂದೆ ತಾಳ್ಮೆಯನ್ನು ಬೋಧಿಸುವುದು ಧರ್ಮವೂ ಅಲ್ಲ. ಆದರೂ ಯಾವ ಪಕ್ಷದವರೇ ಆಗಲಿ, ಈ ಕಠೋರತೆಯು ತಾತ್ಕಾಲಿಕವೆಂದು ಹೇಳಿದಾಗ ವಿವೇಕಿಯು ಒಂದನ್ನು ಕೇಳತಕ್ಕುದು: ನೆಯ್ಗೆ ಮುಗಿದ ಮೇಲೆ ಇದು ಬಟ್ಟೆಯಿಂದ ಬೇರೆಯಾಗುವುದೆ, ಅದರೊಳಗೇ ಉಳಿಯುವುದೆ?