ಹಾಲು, ಹುಲ್ಲುಗರು, ಚಿನ್ನದ ಕಣ

ಕರುವಿಗಾಗಿ ಹಸುವಿನ ಕೆಚ್ಚಲಿಗೆ ಹಾಲು ಇಳಿಯುತ್ತದೆ. ಹಾಲಿಗೆ ತಿಳಿವಿಲ್ಲ, ಆದರೂ ಸೇರಬೇಕಾದಲ್ಲಿಗೇ ಸೇರುತ್ತದೆ. ಹಾಗೆಯೇ ಜಡ ಪ್ರಕೃತಿಯೂ ಒಂದು ಉದ್ದೇಶಕ್ಕಾಗಿ ತಾನಾಗಿ ನಡೆಯಬಲ್ಲದು ಎಂಬುದು ಈಶ್ವರಕೃಷ್ಣನ ಸಾಂಖ್ಯಕಾರಿಕೆಯ ವಾದ. ಶಂಕರರು ಬ್ರಹ್ಮಸೂತ್ರ ಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಇದನ್ನು ಹಿಡಿದು ಜಗ್ಗುತ್ತಾರೆ. ಹಾಲು ತಾನಾಗಿ ಎಲ್ಲಿ ಇಳಿಯಿತು? ಹಸು ಚೇತನ, ಅದಕ್ಕೆ ಕರುವಿನ ಮೇಲೆ ಪ್ರೀತಿ. ಕರುವೂ ಚೇತನ, ಅದು ಚೀಪುತ್ತದೆ. ಜಡದ ಹಿಂದೆ ಚೇತನ ಇದ್ದೇ ಇದೆ ಎನ್ನುತ್ತಾರೆ.

ಈ ಪುಟಕ್ಕೆ ಬಂದಾಗಲೆಲ್ಲ ನನಗೆ ನಮ್ಮ ಕೊಟ್ಟಿಗೆಯ ಹುಲ್ಲುಗರು ನೆನಪಾಗುತ್ತದೆ. ಕರು ಸತ್ತರೆ ಅಜ್ಜ ಅದರ ಚರ್ಮಕ್ಕೆ ಹುಲ್ಲು ತುಂಬಿ ಹೊಲಿಸುತ್ತಿದ್ದ. ಕಾಲಿಲ್ಲದ, ಕಣ್ಣಿಲ್ಲದ ಆ ಮೂಟೆಯನ್ನು ಮುಂದಿಟ್ಟರೆ ಹಸು ಮೂಸಿ, ನೆಕ್ಕಿ, ಸೊರೆ ಬಿಡುತ್ತಿತ್ತು. ಪ್ರೀತಿ ಇರಲಿಲ್ಲ ಎನ್ನಲಾರೆ. ಆದರೆ ಆ ಪ್ರೀತಿಯನ್ನು ಎಬ್ಬಿಸಲು ಕರು ಬೇಕಿರಲಿಲ್ಲ, ಕರುವಿನ ವಾಸನೆ ಸಾಕಾಗಿತ್ತು. ಚೇತನವೇ ಗುರುತಿಗೆ ಮೋಸಹೋಗುವುದಾದರೆ, ಕೆಲಸ ನಡೆಸಿದ್ದು ಚೇತನವೋ ಗುರುತೋ?

ನಾನು ಪಾಠ ಮಾಡಿದ್ದು ಜೀವಕೋಶಶಾಸ್ತ್ರ. ನಿವೃತ್ತಳಾದ ಮೇಲೆ ಸಂಜೆಯ ಭಾಷ್ಯಪಾಠಕ್ಕೆ ಹೋಗುತ್ತೇನೆ. ಅಲ್ಲಿ ಪಾಠ ಹೇಳುವ ಪಂಡಿತರು ಒಳ್ಳೆಯವರು, ನಡುನಡುವೆ ವಿಜ್ಞಾನವನ್ನೂ ಎಳೆದು ತರುತ್ತಾರೆ. ‘ದೇಹದ ಕೋಟಿ ಕೋಟಿ ಕೋಶಗಳಲ್ಲಿ ಯಾವ ಅಣು ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗುತ್ತದಲ್ಲ, ಒಳಗೊಬ್ಬ ತಿಳಿದವನಿಲ್ಲದೆ ಇದು ಸಾಧ್ಯವೇ?’ ಎಂದು ಕೇಳಿದರು. ಪ್ರಶ್ನೆ ಚೆನ್ನಾಗಿದೆ. ಉತ್ತರವನ್ನು ಕೋಶದ ಒಳಗೇ ಹೋಗಿ ನೋಡಬಹುದು, ಏಕೆಂದರೆ ಅಲ್ಲಿ ಹಸುವೂ ಇಲ್ಲ, ಕರುವೂ ಇಲ್ಲ.

ಕೋಶಕೇಂದ್ರದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಡಿಎನ್‌ಎ ಇರುವುದು ಅದರೊಳಗೆ, ಪ್ರೋಟೀನುಗಳು ತಯಾರಾಗುವುದು ಹೊರಗೆ. ಡಿಎನ್‌ಎಯನ್ನು ಸುತ್ತಿಡುವ ಹಿಸ್ಟೋನುಗಳು, ಅದನ್ನು ಓದುವ, ನಕಲು ಮಾಡುವ ಕಿಣ್ವಗಳು ಎಲ್ಲವೂ ಹೊರಗೆ ಹುಟ್ಟಿ ಒಳಗೆ ಬರಬೇಕು. ನಡುವೆ ಜೋಡಿ ಪೊರೆ, ಪೊರೆಯಲ್ಲಿ ರಂಧ್ರಗಳು. ಒಂದೊಂದು ರಂಧ್ರವೂ ಎಂಟು ಭಾಗಗಳ ಸಮಮಿತಿಯ ದೊಡ್ಡ ಕಟ್ಟಡ. ಅದರಲ್ಲಿರುವ ಪ್ರೋಟೀನುಗಳ ಬಗೆ ಸುಮಾರು ಮೂವತ್ತಾದರೂ ನಮ್ಮ ಕೋಶಗಳಲ್ಲಿ ಒಟ್ಟು ಎಣಿಕೆ ಸಾವಿರದ ಆಸುಪಾಸು. ಸಣ್ಣ ಅಣುಗಳು ಸುಮ್ಮನೆ ನುಸುಳಿಹೋಗುತ್ತವೆ. ಸುಮಾರು 40,000 ಡಾಲ್ಟನ್‌ಗಿಂತ ಭಾರದವು ಇಂಪೋರ್ಟಿನ್ ಎಂಬ ಸಾಗಣೆದಾರನ ಜೊತೆಯಲ್ಲೇ ಬರಬೇಕು.

ಇಂಪೋರ್ಟಿನ್ ಯಾರನ್ನು ಹಿಡಿದುಕೊಳ್ಳುತ್ತದೆ? ಮೈಮೇಲೆ ಒಂದು ಗುರುತಿರುವವರನ್ನು. ಆ ಗುರುತನ್ನು 1984ರಲ್ಲಿ ಲಂಡನ್ನಿನ ಮಿಲ್ ಹಿಲ್ ಪ್ರಯೋಗಾಲಯದವರು ಅಕ್ಷರ ಅಕ್ಷರವಾಗಿ ಓದಿದರು. ಬರೀ ಏಳು ಅಮೈನೊ ಆಮ್ಲಗಳು: ಪ್ರೋಲೀನ್, ಮೂರು ಲೈಸೀನ್, ಅರ್ಜಿನೀನ್, ಮತ್ತೊಂದು ಲೈಸೀನ್, ವ್ಯಾಲೀನ್. ಅದರಲ್ಲಿ ಒಂದು ಲೈಸೀನ್ ತೆಗೆದು ಥ್ರಿಯೊನೀನ್ ಇಟ್ಟರೆ ಇಡೀ ಪ್ರೋಟೀನು ಹೊರಗೇ ಉಳಿಯಿತು. ತಮಾಷೆಯೆಂದರೆ ಈ ಗುರುತು ಮೊದಲು ಸಿಕ್ಕಿದ್ದು ಕೋಶದ ಸ್ವಂತ ಪ್ರೋಟೀನಿನಲ್ಲಲ್ಲ, ಎಸ್‌ವಿ40 ಎಂಬ ವೈರಸ್ಸಿನ ಪ್ರೋಟೀನಿನಲ್ಲಿ. ಬಾಗಿಲ ಗುಟ್ಟನ್ನು ನಮಗೆ ಹೇಳಿಕೊಟ್ಟವನು ಕಳ್ಳ.

ಅದೇ 1984ರಲ್ಲಿ ಫೆಲ್ಡ್‌ಹರ್ ಮತ್ತು ಸಂಗಡಿಗರು ಮಾಡಿದ ಪ್ರಯೋಗವನ್ನು ನಾನು ತರಗತಿಯಲ್ಲಿ ಎಂದೂ ಬಿಟ್ಟವಳಲ್ಲ. ಅವರು ಚಿನ್ನದ ಅತಿಸೂಕ್ಷ್ಮ ಕಣಗಳಿಗೆ ನ್ಯೂಕ್ಲಿಯೊಪ್ಲಾಸ್ಮಿನ್ ಎಂಬ, ಇಂಥದೇ ಗುರುತುಳ್ಳ ಪ್ರೋಟೀನನ್ನು ಲೇಪಿಸಿ ಕಪ್ಪೆಯ ಅಂಡಕೋಶಕ್ಕೆ ಚುಚ್ಚಿದರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ನೋಡಿದರೆ ಕರಿಚುಕ್ಕೆಗಳು ರಂಧ್ರದ ನಟ್ಟನಡುವೆ ಸಾಲುಹಿಡಿದು ಒಳಗೆ ಹೋಗುತ್ತಿವೆ. ಗುರುತಿಲ್ಲದ ಲೇಪದ ಚಿನ್ನ ಹೊರಗೇ ಉಳಿಯಿತು. ಕೋಶಕೇಂದ್ರಕ್ಕೆ ಚಿನ್ನದಿಂದ ಆಗಬೇಕಾದ್ದು ಏನೂ ಇಲ್ಲ. ಅಜ್ಜನ ಹುಲ್ಲುಗರುವೇ ಇದು, ಚಿನ್ನದಲ್ಲಿ ಮಾಡಿದ್ದು.

ಪಂಡಿತರ ಪರವಾಗಿ ಒಂದು ಮಾತು ಉಳಿದಿತ್ತು. ಗುರುತು ಮೋಸವಿರಬಹುದು, ಆದರೆ ದಿಕ್ಕು? ಸರಕನ್ನು ಒಳಗೆ ತಂದು ಇಳಿಸಬೇಕು, ಹೊರಗೆ ಇಳಿಸಬಾರದು. ಒಳಗು ಹೊರಗು ಎಂಬ ವಿವೇಕ ಯಾರದು? ಇಲ್ಲಿ ರಾನ್ ಎಂಬ ಸಣ್ಣ ಪ್ರೋಟೀನು ಬರುತ್ತದೆ. ಜಿಟಿಪಿ ಎಂಬ ಸಣ್ಣ ಅಣುವನ್ನು ಹಿಡಿದ ರಾನ್ ಅಂಟಿದ ಕೂಡಲೇ ಇಂಪೋರ್ಟಿನ್ ಸರಕನ್ನು ಕೈಬಿಡುತ್ತದೆ. ರಾನ್‌ಗೆ ಜಿಟಿಪಿ ಹಿಡಿಸುವ ಆರ್‌ಸಿಸಿ1 ಎಂಬ ಪ್ರೋಟೀನು ಡಿಎನ್‌ಎಗೆ ಅಂಟಿಕೊಂಡು ಕೂತಿದೆ. ಆ ಜಿಟಿಪಿಯನ್ನು ಒಡೆಸಿ ಜಿಡಿಪಿ ಮಾಡಿಸುವ ಇನ್ನೊಂದು ಪ್ರೋಟೀನು ಹೊರಗಿದೆ. ಹಾಗಾಗಿ ಎಲ್ಲಿ ರಾನ್-ಜಿಟಿಪಿ ಹೆಚ್ಚೋ ಅದೇ ‘ಒಳಗೆ’. 1999ರಲ್ಲಿ ಕ್ಯಾಲಿಫೋರ್ನಿಯಾದ ನಶುರಿ ಮತ್ತು ವೈಸ್ ಹೊರಗಡೆಯೇ ರಾನ್-ಜಿಟಿಪಿ ಹೆಚ್ಚಿಸಿ ನೋಡಿದರು. ಸಾಗಾಟದ ದಿಕ್ಕೇ ತಿರುಗಿಬಿಟ್ಟಿತು! ರಂಧ್ರಕ್ಕೆ ಒಳಗೂ ಗೊತ್ತಿಲ್ಲ, ಹೊರಗೂ ಗೊತ್ತಿಲ್ಲ.

ಶಂಕರರು ಇಲ್ಲಿದ್ದಿದ್ದರೆ ಸುಮ್ಮನೆ ಬಿಡುತ್ತಿರಲಿಲ್ಲ. ಆರ್‌ಸಿಸಿ1 ಅನ್ನು ಒಳಗೆ ಕೂರಿಸಿದವರು ಯಾರು ಎಂದು ಕೇಳುತ್ತಿದ್ದರು. ಉತ್ತರ ಸ್ವಾರಸ್ಯವಾಗಿದೆ. ಆರ್‌ಸಿಸಿ1 ಕೂಡ ಹೊರಗೆ ಹುಟ್ಟಿದ್ದೇ, ಅದೂ ಗುರುತು ತೋರಿಸಿ ಇಂಪೋರ್ಟಿನ್ ಹಿಡಿದೇ ಒಳಗೆ ಬರುತ್ತದೆ. ‘ಒಳಗೆ’ ಎಂಬುದನ್ನು ಮಾಡುವವನೇ ಒಳಗೆ ಬರಲು ‘ಒಳಗೆ’ ಮೊದಲೇ ಇರಬೇಕು. ನಮ್ಮ ಶಾಸ್ತ್ರದ ಬೀಜಾಂಕುರ ನ್ಯಾಯ ಇದು, ಬೀಜ ಮೊದಲೋ ಮೊಳಕೆ ಮೊದಲೋ ಎಂಬುದು. ಕೋಶ ವಿಭಜನೆಯಾಗುವಾಗ ನಮ್ಮಲ್ಲಿ ಪೊರೆಯೇ ಕಳಚಿ ಹೋಗುತ್ತದೆ. ಆಗಲೂ ಆರ್‌ಸಿಸಿ1 ವರ್ಣತಂತುಗಳ ಮೇಲೇ ಇರುತ್ತದೆ, ಅವುಗಳ ಸುತ್ತ ರಾನ್-ಜಿಟಿಪಿ ಮೋಡ ಕವಿದಿರುತ್ತದೆ, ಹೊಸ ಪೊರೆ ಕಟ್ಟಿಕೊಳ್ಳುವುದೂ ಅಲ್ಲೇ. ಗೋಡೆಯಿಲ್ಲದಾಗಲೂ ‘ಒಳಗೆ’ ಇರುತ್ತದೆ ಎಂಬುದು ನನಗೆ ಈ ವಿಷಯದಲ್ಲೆಲ್ಲ ಅತ್ಯಂತ ಇಷ್ಟವಾದ ಸಂಗತಿ. ಮಗಳುಕೋಶ ತಾಯಿಕೋಶದಿಂದ ಬರೀ ಡಿಎನ್‌ಎ ಪಡೆಯುವುದಿಲ್ಲ, ‘ಒಳಗೆ’ಯನ್ನೂ ಪಡೆಯುತ್ತದೆ. ಆದರೆ ಈ ಸರಪಳಿ ಅನಾದಿಯಲ್ಲ. ಕೋಶಕೇಂದ್ರ ಬಂದು 150 ಕೋಟಿ ವರ್ಷಕ್ಕೂ ಮೇಲಾಯಿತು, ಅದಕ್ಕೂ ಮುಂಚೆ ಜೀವ ಇತ್ತು, ಇಂಥ ಬಾಗಿಲಿರಲಿಲ್ಲ.

ಹಾಗಾದರೆ ಸಾಂಖ್ಯರು ಗೆದ್ದರೇ? ಅರ್ಧ. ತಿಳಿವಿಲ್ಲದೆ ವ್ಯವಸ್ಥೆ ನಡೆಯುತ್ತದೆ ಎಂಬುದು ನಿಜವಾಯಿತು. ಆದರೆ ಅವರ ಹಾಲು ಕರುವಿ‘ಗಾಗಿ’ ಇಳಿಯುತ್ತದೆ, ಅವರ ಪ್ರಕೃತಿ ಪುರುಷನಿ‘ಗಾಗಿ’, ಎಂದರೆ ಚೇತನಕ್ಕಾಗಿ, ನಡೆಯುತ್ತದೆ. ಈ ಬಾಗಿಲು ಯಾರಿಗಾಗಿ? ಹಿಸ್ಟೋನಿಗೆ ತೆರೆದಷ್ಟೇ ಸಲೀಸಾಗಿ ವೈರಸ್ಸಿಗೂ ತೆರೆಯುತ್ತದೆ, ಚಿನ್ನಕ್ಕೂ ತೆರೆಯುತ್ತದೆ. ಇದು ಇದ್ದರೆ ಅದು ಆಗುತ್ತದೆ, ಅಷ್ಟೇ. ಭಾಷ್ಯದ ಅದೇ ಅಧ್ಯಾಯದಲ್ಲಿ ಶಂಕರರು ಖಂಡಿಸುವ ಬೌದ್ಧರ ಮಾತಿಗೆ ಇದು ಹೆಚ್ಚು ಹತ್ತಿರ ಎಂದು ನನ್ನ ಅನಿಸಿಕೆ. ಪಂಡಿತರ ಮುಂದೆ ಹೀಗೆಂದಾಗ ನಕ್ಕರು, ಒಪ್ಪಲಿಲ್ಲ.

ಇದರಿಂದ ದೇವರಿಲ್ಲ ಎಂದಾಗುತ್ತದೆಯೇ ಎಂದು ಅಲ್ಲೇ ಒಬ್ಬರು ಸ್ವಲ್ಪ ಗಾಬರಿಯಿಂದಲೇ ಕೇಳಿದರು. ಆಗುವುದಿಲ್ಲ. ಈ ಸಾಗಾಟಕ್ಕೆ ರಾನ್ ಬೇಕೆಂದು 1993ರಲ್ಲಿ ತೋರಿಸಿದವರಲ್ಲಿ ಗುಂಟರ್ ಬ್ಲೋಬೆಲ್ ಒಬ್ಬರು. ಪ್ರೋಟೀನುಗಳು ತಾವು ಸೇರಬೇಕಾದ ಜಾಗದ ಗುರುತನ್ನು ತಮ್ಮಲ್ಲೇ ಹೊತ್ತಿರುತ್ತವೆ ಎಂಬುದನ್ನು ಕಂಡುಹಿಡಿದದ್ದಕ್ಕೆ 1999ರ ನೊಬೆಲ್ ಅವರಿಗೆ ಬಂತು. ಬಾಲ್ಯದಲ್ಲಿ, 1945ರ ಬಾಂಬ್ ದಾಳಿಗೆ ಮುಂಚೆ, ಅವರು ಡ್ರೆಸ್ಡನ್ ನಗರವನ್ನು ಕಣ್ಣಾರೆ ಕಂಡಿದ್ದರು. ಬಹುಮಾನದ ಹಣವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಅಲ್ಲಿನ ಫ್ರೌಯೆನ್‌ಕಿರ್ಶೆ ಚರ್ಚನ್ನು ಮತ್ತೆ ಕಟ್ಟಲು ಮತ್ತು ಅದೇ ಊರಿನ ಹೊಸ ಸಿನಗಾಗ್‌ಗೆ ಕೊಟ್ಟರು. ಕೊಟ್ಟದ್ದು ಹಣ. ದೇವರಿದ್ದಾನೆ ಎಂಬುದಕ್ಕೆ ಕೋಶದಿಂದ ಸಾಕ್ಷಿ ಕರೆತರುವ ಗೋಜಿಗೆ ಅವರು ಹೋಗಲಿಲ್ಲ.

ಪ್ರವಚನ ಮಾಡುವವರಲ್ಲಿ ನನ್ನದೊಂದು ಅರಿಕೆ. ಕೋಶದ ಉದಾಹರಣೆ ಧಾರಾಳವಾಗಿ ಕೊಡಿ, ಕೇಳುವವರಿಗೆ ಖುಷಿಯಾಗುತ್ತದೆ. ಆದರೆ ಕೊಡುವಾಗ ಚಿನ್ನದ ಕಣದ ಕಥೆಯನ್ನೂ ದಿಕ್ಕು ತಿರುಗಿದ ಕಥೆಯನ್ನೂ ಬಿಡದೆ ಹೇಳಿ.